ಬಿಸಿಯೂಟದ ಮೊಟ್ಟೆಗೂ ಕಂಪನಿಯ ಲಾಭಕ್ಕೂ ಏನು ನಂಟು?

ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬಿಸಿಯೂಟದ ಜೊತೆ ವಾರಕ್ಕೆ 2 ದಿನ ಸಿಗುತ್ತಿದ್ದ ಮೊಟ್ಟೆ 2024ರಲ್ಲಿ 6 ದಿನಕ್ಕೆ ಏರಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಹೆಚ್ಚುವರಿ 4 ದಿನಗಳ ಖರ್ಚು ಹೊರಲು ಒಪ್ಪಿದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿಯ ಬಾಬತ್ತು ಇದು. ಇಂಥ ಎಷ್ಟೋ ಶಾಲೆಗಳಲ್ಲಿ ಶೌಚಾಲಯದ ಗೋಡೆಯ ಮೇಲೋ, ಕುಡಿಯುವ ನೀರಿನ ಘಟಕದ ಮೇಲೋ ಇನ್ನೊಂದು ಫಲಕವೂ ಕಾಣುತ್ತದೆ: ‘ಇಂಥ ಕಂಪನಿಯ ಸಿಎಸ್‌ಆರ್ ನಿಧಿಯಿಂದ ನಿರ್ಮಿಸಲಾಗಿದೆ.’ ಸಿಎಸ್‌ಆರ್ ಎಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ.

ಎರಡಕ್ಕೂ ಪೋಷಕರು ಹೇಳುವುದು ಒಂದೇ ಮಾತು, ‘ಕಂಪನಿಯವರು ಕೊಟ್ಟರಂತೆ’. ಆದರೆ ಎರಡೂ ಹಣ ಬಂದ ದಾರಿ ಬೇರೆ ಬೇರೆ. ಮೊಟ್ಟೆಯ ಹಣ ಒಬ್ಬ ಒಡೆಯ ತನ್ನ ಪಾಲನ್ನು ಬಿಟ್ಟುಕೊಟ್ಟದ್ದರಿಂದ ಬಂತು. ಶೌಚಾಲಯದ ಹಣ ಬಂದದ್ದು ಕಾನೂನು ಹೇಳಿದ್ದರಿಂದ. ಈ ವ್ಯತ್ಯಾಸ ಬಿಡಿಸಲು ಹೊರಟರೆ ನೂರು ವರ್ಷಗಳಿಂದ ನ್ಯಾಯಾಲಯಗಳಲ್ಲೂ ಪಾಠಶಾಲೆಗಳಲ್ಲೂ ಹರಿದಾಡಿರುವ ಪ್ರಶ್ನೆಯೊಂದು ಎದುರಾಗುತ್ತದೆ: ಕಂಪನಿ ಇರುವುದು ಲಾಭಕ್ಕಾಗಿಯೋ, ಅದಕ್ಕಿಂತ ದೊಡ್ಡದೊಂದು ಕೆಲಸಕ್ಕಾಗಿಯೋ?

ಲಾಭ ಎಂದರೆ ಉಳಿದದ್ದು

ಮೊದಲು ಲಾಭದ ಲೆಕ್ಕ. ನಿಮ್ಮ ಬೀದಿಯ ದರ್ಶಿನಿಯಲ್ಲಿ ತಿಂಗಳಿಗೆ 8 ಲಕ್ಷ ರೂಪಾಯಿ ವ್ಯಾಪಾರ ಆಗುತ್ತದೆ ಎಂದುಕೊಳ್ಳಿ. ಇದು ವಹಿವಾಟು. ಗಲ್ಲಾಪೆಟ್ಟಿಗೆಯ ಮುಂದೆ ನಿಂತು ‘ಎಷ್ಟು ದುಡಿಯುತ್ತಾನಪ್ಪ’ ಎಂದು ನಾವು ಬೆರಗಾಗುವುದು ಈ ಅಂಕಿಯನ್ನು ನೋಡಿ. ಅಕ್ಕಿ, ಉದ್ದು, ಎಣ್ಣೆ, ಗ್ಯಾಸ್, ಬಾಡಿಗೆ, ಭಟ್ಟರ ಸಂಬಳ, ಕರೆಂಟು ಬಿಲ್ಲು, ತೆರಿಗೆ ಎಲ್ಲ ಸೇರಿ 7 ಲಕ್ಷ 20 ಸಾವಿರ ಹೋದರೆ ಉಳಿಯುವುದು 80 ಸಾವಿರ. ಲಾಭ ಎಂದರೆ ಈ ಉಳಿಕೆ. ಎಲ್ಲರ ಪಾಲು ಸಂದ ಮೇಲೆ ಕೊನೆಯ ಪಂಕ್ತಿಯಲ್ಲಿ ಕೂತವನಿಗೆ ಸಿಗುವ ಊಟದಂತೆ ಅದು: ಕೆಲವೊಮ್ಮೆ ಭರ್ಜರಿ, ಕೆಲವೊಮ್ಮೆ ತಳ ಕೆರೆದ ಪಾತ್ರೆ.

ದರ್ಶಿನಿಗೆ ಒಬ್ಬನೇ ಯಜಮಾನನಿದ್ದರೆ ಆ 80 ಸಾವಿರ ಅವನ ಸ್ವಂತದ್ದು. ಏಕಾದಶಿಯ ದಿನ ಬಂದವರಿಗೆಲ್ಲ ಅವಲಕ್ಕಿ ಹಂಚಿದರೂ ಯಾರೂ ಕೇಳುವಂತಿಲ್ಲ. ಈಗ ಕತೆಯನ್ನು ತುಸು ಬದಲಿಸೋಣ. ಹತ್ತು ಜನ ತಲಾ 2 ಲಕ್ಷ ಹಾಕಿ ದರ್ಶಿನಿ ಶುರು ಮಾಡಿ, ನೋಡಿಕೊಳ್ಳಲು ಒಬ್ಬ ಮ್ಯಾನೇಜರನ್ನು ಇಟ್ಟಿದ್ದಾರೆ. ಆತ ಉಳಿದ ಹಣದಲ್ಲಿ ಅನ್ನದಾನ ಮಾಡಿದರೆ ಪುಣ್ಯ ಯಾರಿಗೆ? ಹಣ ಹಾಕಿದ ಹತ್ತು ಜನರಲ್ಲಿ ಒಬ್ಬರು ಮಗಳ ಕಾಲೇಜು ಫೀಸಿಗೆ ಆ ಪಾಲನ್ನೇ ನೆಚ್ಚಿಕೊಂಡಿರಬಹುದು. ಲಾಭವೋ ಉದ್ದೇಶವೋ ಎಂಬ ಜಗಳ ಹುಟ್ಟುವುದು ಇಲ್ಲಿ, ಒಡೆಯ ಮತ್ತು ನಡೆಸುವವ ಬೇರೆ ಬೇರೆ ಆದ ಕ್ಷಣದಲ್ಲಿ.

ಕಾನೂನಿನ ಕಣ್ಣಿಗೆ ಕಂಪನಿಯೂ ಒಬ್ಬ ವ್ಯಕ್ತಿ

ನಮ್ಮಲ್ಲಿ ದೇವರ ಹೆಸರಿನಲ್ಲೂ ಪಹಣಿ ಇರುತ್ತದೆ. ದೇವಸ್ಥಾನದ ವಿಗ್ರಹಕ್ಕೆ ಆಸ್ತಿ ಹೊಂದುವ, ದಾವೆ ಹೂಡುವ ಹಕ್ಕಿದೆ ಎಂದು ಭಾರತದ ಕಾನೂನು ಒಪ್ಪುತ್ತದೆ. ದೇವರು ಬಂದು ಸಹಿ ಹಾಕುವುದಿಲ್ಲ. ಅರ್ಚಕರೋ ಆಡಳಿತ ಸಮಿತಿಯೋ ದೇವರ ಪರವಾಗಿ ನಡೆಸುತ್ತಾರೆ, ಆದರೆ ಆಸ್ತಿ ಅವರದಲ್ಲ. ಕಂಪನಿಯನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಹತ್ತಿರದ ಹೋಲಿಕೆ ಬೇಕಿಲ್ಲ. ಕಂಪನಿಯೂ ಕಾನೂನು ಹುಟ್ಟಿಸಿದ ವ್ಯಕ್ತಿ. ಅದರ ಹೆಸರಲ್ಲಿ ಜಮೀನು, ಸಾಲ, ಮೊಕದ್ದಮೆ ಎಲ್ಲ ಇರುತ್ತವೆ. ನಿರ್ದೇಶಕರು ಅದರ ಪರವಾಗಿ ತೀರ್ಮಾನಿಸುತ್ತಾರೆ. ಹಣ ಹಾಕಿದವರು ಷೇರುದಾರರು. ಲಾಭದಲ್ಲಿ ಅವರಿಗೆ ಹಂಚುವ ಭಾಗಕ್ಕೆ ಲಾಭಾಂಶ ಎನ್ನುತ್ತಾರೆ. ಕಂಪನಿ ಮುಳುಗಿದರೆ ಷೇರುದಾರ ಹಾಕಿದ ಹಣ ಹೋಗುತ್ತದೆ, ಆದರೆ ಕಂಪನಿಗೆ ಸಾಲ ಕೊಟ್ಟವರು ಅವನ ಮನೆ ಬಾಗಿಲಿಗೆ ಬರುವಂತಿಲ್ಲ.

ಈ ರಕ್ಷಣೆ ಸಣ್ಣದಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಇಂಥ ಸಂಸ್ಥೆ ಕಟ್ಟಲು ರಾಜನ ಅಥವಾ ಸಂಸತ್ತಿನ ಸನ್ನದು ಬೇಕಿತ್ತು, ಮತ್ತು ಸನ್ನದಿನಲ್ಲಿ ಉದ್ದೇಶ ನಮೂದಾಗುತ್ತಿತ್ತು: ಕಾಲುವೆ ತೋಡಲು, ಸೇತುವೆ ಕಟ್ಟಲು, ದೂರದೇಶದೊಡನೆ ವ್ಯಾಪಾರ ಮಾಡಲು. 1600ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಸಿಕ್ಕಿದ್ದು ಇಂಥದೇ ಸನ್ನದು. (ಉದ್ದೇಶ ಕಾಗದದಲ್ಲಿದ್ದ ಮಾತ್ರಕ್ಕೆ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಕಡಿಮೆ.) 1844ರಲ್ಲಿ ಬ್ರಿಟನ್ ಕೇವಲ ನೋಂದಣಿಯಿಂದ ಕಂಪನಿ ಕಟ್ಟಲು ಬಿಟ್ಟಿತು, 1855ರಲ್ಲಿ ಷೇರುದಾರರ ಹೊಣೆಗೆ ಮಿತಿ ಹಾಕಿತು. ಅಲ್ಲಿಂದ ಮುಂದೆ ಯಾರು ಬೇಕಾದರೂ ಯಾವ ವ್ಯಾಪಾರಕ್ಕೆ ಬೇಕಾದರೂ ಕಂಪನಿ ತೆರೆಯಬಹುದಾಯಿತು. ನಿನ್ನಿಂದ ಊರಿಗೇನು ಉಪಯೋಗ ಎಂದು ಮೊದಲೇ ಕೇಳುವವರು ಇಲ್ಲವಾದರು.

ಫೋರ್ಡ್ ಮೇಲೆ ಡಾಡ್ಜ್ ಸಹೋದರರ ದಾವೆ

ಈ ವಿಷಯದಲ್ಲಿ ಕಾನೂನು ವಿದ್ಯಾರ್ಥಿಗಳು ಓದುವ ಹೆಸರಾಂತ ಮೊಕದ್ದಮೆ ಅಮೆರಿಕದ ಮಿಷಿಗನ್ ರಾಜ್ಯದ್ದು. 1916ರ ಹೊತ್ತಿಗೆ ಫೋರ್ಡ್ ಮೋಟಾರ್ ಕಂಪನಿಯ ಖಜಾನೆ ತುಂಬಿ ತುಳುಕುತ್ತಿತ್ತು. ಹೆನ್ರಿ ಫೋರ್ಡ್ ಕೈಯಲ್ಲಿ 58% ಷೇರುಗಳು, ಜಾನ್ ಮತ್ತು ಹೊರೇಸ್ ಡಾಡ್ಜ್ ಸಹೋದರರ ಕೈಯಲ್ಲಿ 10%. ಆ ವರ್ಷ ಫೋರ್ಡ್ ವಿಶೇಷ ಲಾಭಾಂಶ ನಿಲ್ಲಿಸಿದ, ಕಾರಿನ ಬೆಲೆಯನ್ನು 440 ಡಾಲರಿನಿಂದ 360 ಡಾಲರಿಗೆ ಇಳಿಸಿದ, ಹಣವನ್ನು ದೊಡ್ಡ ಕಾರ್ಖಾನೆ ಕಟ್ಟಲು ಹಾಕುತ್ತೇನೆ ಎಂದ. ಕಂಪನಿ ಈಗಾಗಲೇ ಅತಿಯಾಗಿ ಲಾಭ ಮಾಡಿದೆ. ಇನ್ನಷ್ಟು ಜನರಿಗೆ ಕೆಲಸ ಸಿಗಲಿ, ಇನ್ನಷ್ಟು ಜನ ಕಾರು ಕೊಳ್ಳುವಂತಾಗಲಿ ಎಂಬುದು ಅವನ ವಾದ.

ಡಾಡ್ಜ್ ಸಹೋದರರು ನ್ಯಾಯಾಲಯಕ್ಕೆ ಹೋದರು. 1919ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ವ್ಯಾಪಾರಿ ಕಂಪನಿ ನಡೆಯುವುದು ಮುಖ್ಯವಾಗಿ ಷೇರುದಾರರ ಲಾಭಕ್ಕಾಗಿ ಎಂದು ಹೇಳಿ, ಸುಮಾರು 1.9 ಕೋಟಿ ಡಾಲರ್ ಲಾಭಾಂಶ ಹಂಚಲು ಆದೇಶಿಸಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಫೋರ್ಡ್ ಧರ್ಮಾತ್ಮನಂತೆಯೂ ಡಾಡ್ಜ್ ಸಹೋದರರು ಆಸೆಬುರುಕರಂತೆಯೂ ಕಾಣುತ್ತಾರೆ. ಪೂರ್ತಿ ಕತೆ ಇನ್ನೂ ಸ್ವಾರಸ್ಯವಾಗಿದೆ. ಡಾಡ್ಜ್ ಸಹೋದರರು ಅಷ್ಟರಲ್ಲಾಗಲೇ ತಮ್ಮದೇ ಕಾರು ಕಂಪನಿ ತೆರೆದಿದ್ದರು. ಫೋರ್ಡ್ ಕೊಡುವ ಲಾಭಾಂಶ ಎದುರಾಳಿಯ ಬಂಡವಾಳವಾಗುತ್ತಿತ್ತು. ಕಾರು ಅಗ್ಗ ಮಾಡಿದರೆ ಹೊಸ ಎದುರಾಳಿಗೆ ನಿಲ್ಲಲು ನೆಲೆ ಇರುತ್ತಿರಲಿಲ್ಲ. ಇತ್ತ ಕೋರ್ಟು ಲಾಭಾಂಶ ಕೊಡಿಸಿತಾದರೂ ಕಾರ್ಖಾನೆ ವಿಸ್ತರಣೆಗೆ ಅಡ್ಡ ಬರಲಿಲ್ಲ. ವ್ಯಾಪಾರ ನಡೆಸುವ ಬಗೆ ನಮಗಿಂತ ನಿಮಗೆ ಗೊತ್ತು ಎಂಬ ಧೋರಣೆ ಅದರದು. ಬೆಲೆ ಇಳಿಸಿದ್ದು ಮುಂದೆ ಹೆಚ್ಚು ಕಾರು ಮಾರಲು ಎಂದಷ್ಟೇ ಫೋರ್ಡ್ ಹೇಳಿದ್ದರೆ ಗೆಲ್ಲುತ್ತಿದ್ದನೇನೋ ಎಂದು ಕಾನೂನು ಬಲ್ಲ ಅನೇಕರು ಅಭಿಪ್ರಾಯಪಟ್ಟಿದ್ದಾರೆ. ಪರೋಪಕಾರದ ಮಾತು ಸ್ವಾರ್ಥವನ್ನು ಮುಚ್ಚಲಿಕ್ಕೂ, ಸ್ವಾರ್ಥದ ಮಾತು ಪರೋಪಕಾರವನ್ನು ಕಾಯಲಿಕ್ಕೂ ಒದಗುವ ವಿಚಿತ್ರ ಜಾಗ ಇದು.

ಫ್ರೀಡ್‌ಮನ್ ಹೇಳಿದ್ದೇನು?

1970ರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ನ್ಯೂಯಾರ್ಕ್ ಟೈಮ್ಸ್ ನಿಯತಕಾಲಿಕದಲ್ಲಿ ಬರೆದ ಲೇಖನ ಈ ಚರ್ಚೆಯ ಒಂದು ತುದಿ. ವ್ಯಾಪಾರದ ಸಾಮಾಜಿಕ ಹೊಣೆ ಲಾಭ ಹೆಚ್ಚಿಸುವುದು ಎಂಬುದು ಅವರ ಪ್ರತಿಪಾದನೆ. ನಮ್ಮ ದರ್ಶಿನಿಯ ಮ್ಯಾನೇಜರನ ಉದಾಹರಣೆಯಲ್ಲಿ ಇರುವುದು ಅವರ ತರ್ಕವೇ: ಮ್ಯಾನೇಜರ್ ಖರ್ಚು ಮಾಡುವುದು ಬೇರೆಯವರ ಹಣವನ್ನು, ದಾನ ಮಾಡಬೇಕೆಂದಿದ್ದರೆ ಷೇರುದಾರ ತನ್ನ ಪಾಲು ಪಡೆದು ತಾನೇ ಮಾಡಲಿ. ಆದರೆ ಅವರು ಒಂದು ಷರತ್ತನ್ನೂ ಇಟ್ಟಿದ್ದರು. ಲಾಭ ಮಾಡುವಾಗ ಕಾನೂನನ್ನೂ ಸಮಾಜ ಒಪ್ಪಿದ ನೀತಿಯನ್ನೂ ಮೀರಬಾರದು. ಅವರನ್ನು ಹೊಗಳುವವರು, ತೆಗಳುವವರು ಇಬ್ಬರೂ ಈ ಷರತ್ತನ್ನು ಆಗಾಗ ಮರೆಯುತ್ತಾರೆ.

ಇನ್ನೊಂದು ತುದಿಯಲ್ಲಿರುವವರ ಮಾತು ಹೀಗೆ: ಕಂಪನಿಯಲ್ಲಿ ಹಣ ಹಾಕಿದವರು ಮಾತ್ರ ಪಣ ಇಟ್ಟಿಲ್ಲ. ಇಪ್ಪತ್ತು ವರ್ಷ ದುಡಿದ ಕಾರ್ಮಿಕ, ಸಾಲದ ಮೇಲೆ ಕಚ್ಚಾವಸ್ತು ಕೊಟ್ಟವನು, ಕಾರ್ಖಾನೆಯ ಹೊಗೆ ಕುಡಿಯುವ ಪಕ್ಕದ ಹಳ್ಳಿ, ಇವರೆಲ್ಲರ ಹಿತವೂ ಅಲ್ಲಿ ಸಿಕ್ಕಿಕೊಂಡಿದೆ. ಇವರನ್ನು ಹಿತಾಸಕ್ತರು ಅಥವಾ ಪಾಲುದಾರರು ಎಂದು ಕನ್ನಡ ಪತ್ರಿಕೆಗಳು ಬರೆಯುತ್ತವೆ. 2019ರ ಆಗಸ್ಟ್‌ನಲ್ಲಿ ಅಮೆರಿಕದ 181 ದೊಡ್ಡ ಕಂಪನಿಗಳ ಮುಖ್ಯಸ್ಥರು ಇವರೆಲ್ಲರಿಗೂ ತಾವು ಬದ್ಧರು ಎಂದು ಸಹಿ ಹಾಕಿದರು. ಸಹಿ ಹಾಕಿದ್ದರಿಂದ ಷೇರುದಾರರ ಮತವೇನೂ ಬೇರೆಯವರ ಕೈಗೆ ಹೋಗಲಿಲ್ಲ.

ಗೋಡೆಯ ಮೇಲಿನ ಫಲಕ: ಭಾರತದ 2% ನಿಯಮ

ಭಾರತದ 2013ರ ಕಂಪನಿ ಕಾಯ್ದೆ ಈ ಜಗಳದಲ್ಲಿ ಎರಡು ಕಡೆ ಕೈ ಹಾಕಿದೆ. 166ನೇ ಕಲಮಿನ ಪ್ರಕಾರ ನಿರ್ದೇಶಕರು ಷೇರುದಾರರ ಜೊತೆಗೆ ನೌಕರರ, ಸಮುದಾಯದ ಹಾಗೂ ಪರಿಸರದ ಹಿತವನ್ನೂ ನೋಡಬೇಕು. ಕೇಳಲು ಘನವಾದ ಮಾತು. ಆದರೆ ನಿರ್ದೇಶಕರನ್ನು ಆರಿಸುವ, ಇಳಿಸುವ ಮತ ಇರುವುದು ಷೇರುದಾರನಿಗೆ. ಕೆರೆಗೂ ಮತವಿಲ್ಲ, ಹೊಗೆ ಕುಡಿಯುವ ಹಳ್ಳಿಗೂ ಇಲ್ಲ.

135ನೇ ಕಲಮು ಹೆಚ್ಚು ಹರಿತ. ನಿವ್ವಳ ಮೌಲ್ಯ (ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದು) 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಕನಿಷ್ಠ 2% ಹಣವನ್ನು ಸಮಾಜದ ಕೆಲಸಗಳಿಗೆ ವೆಚ್ಚ ಮಾಡಬೇಕು. ಇದೇ ಸಿಎಸ್‌ಆರ್, ಸಾಂಸ್ಥಿಕ ಸಾಮಾಜಿಕ ಹೊಣೆಗಾರಿಕೆ. ಜಾರಿಗೆ ಬಂದದ್ದು 2014ರ ಏಪ್ರಿಲ್ 1ರಿಂದ. ಲೆಕ್ಕ ಸುಲಭ: ಮೂರು ವರ್ಷ ಕ್ರಮವಾಗಿ 80, 100, 120 ಕೋಟಿ ಲಾಭ ಬಂದಿದ್ದರೆ ಸರಾಸರಿ 100 ಕೋಟಿ, ಅದರ 2% ಎಂದರೆ 2 ಕೋಟಿ.

ಯಾವುದಕ್ಕೆಲ್ಲ ವೆಚ್ಚ ಮಾಡಬಹುದು ಎಂಬ ಪಟ್ಟಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ: ಶಿಕ್ಷಣ, ಆರೋಗ್ಯ, ನೈರ್ಮಲ್ಯ, ಕುಡಿಯುವ ನೀರು, ಪರಿಸರ ಹೀಗೆ. ತನ್ನ ನೌಕರರಿಗಷ್ಟೇ ಅನುಕೂಲ ಮಾಡಿದರೆ ಲೆಕ್ಕಕ್ಕಿಲ್ಲ. ರಾಜಕೀಯ ಪಕ್ಷಕ್ಕೆ ಕೊಟ್ಟ ದೇಣಿಗೆಯೂ ಲೆಕ್ಕಕ್ಕಿಲ್ಲ. ಮೊದಮೊದಲು ವೆಚ್ಚ ಮಾಡದಿದ್ದರೆ ಕಾರಣ ಬರೆದು ಕೈತೊಳೆದುಕೊಳ್ಳಬಹುದಿತ್ತು. 2021ರಿಂದ ಆ ಬಾಗಿಲು ಮುಚ್ಚಿದೆ: ನಡೆಯುತ್ತಿರುವ ಯೋಜನೆಯದಾದರೆ ಉಳಿದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಮೂರು ವರ್ಷದೊಳಗೆ ಬಳಸಬೇಕು, ಇಲ್ಲವಾದರೆ ವರ್ಷ ಮುಗಿದ ಆರು ತಿಂಗಳೊಳಗೆ ಸರ್ಕಾರ ಗುರುತಿಸಿದ ನಿಧಿಗೆ ಕಟ್ಟಬೇಕು, ತಪ್ಪಿದರೆ ದಂಡ.

ಹಾಗಾಗಿ ಶಾಲೆಯ ಶೌಚಾಲಯದ ಫಲಕ ಔದಾರ್ಯದ ಗುರುತು ಎಂದು ಹೇಳುವುದು ಕಷ್ಟ. ಗ್ರಾಮ ಪಂಚಾಯಿತಿಗೆ ಕಂದಾಯ ಕಟ್ಟಿದವರು ಮನೆ ಮುಂದೆ ಫಲಕ ಹಾಕಿಕೊಳ್ಳುವುದಿಲ್ಲವಲ್ಲ. ಆದರೂ ಇದನ್ನು ತೆರಿಗೆ ಎಂದು ಕರೆದರೂ ಪೂರ್ತಿ ಸರಿಯಾಗದು. ತೆರಿಗೆ ಎಲ್ಲಿ ಖರ್ಚಾಗಬೇಕೆಂದು ಕಟ್ಟಿದವನು ಹೇಳುವಂತಿಲ್ಲ. ಇಲ್ಲಿ ಊರು, ಶಾಲೆ, ಯೋಜನೆ ಎಲ್ಲವನ್ನೂ ಆರಿಸುವುದು ಕಂಪನಿಯೇ. ಕಾರ್ಖಾನೆಯ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಿ ಎಂದು ಕಾಯ್ದೆ ಹೇಳುವುದರಿಂದ ಬಹಳ ಕಾರ್ಖಾನೆಗಳಿರುವ ಜಿಲ್ಲೆಗೆ ಹೆಚ್ಚು ಹಣ ಹರಿಯುವ ಸಾಧ್ಯತೆಯೂ ಇದೆ. ಇನ್ನೊಂದು ಮಾತು: ಈ 2% ಲಾಭ ಬಂದ ಮೇಲಿನ ಹಂಚಿಕೆ. ಉಳಿದ 98% ಹೇಗೆ ಬಂತು ಎಂದು ಈ ಕಲಮು ಕೇಳುವುದಿಲ್ಲ.

ಮೊಟ್ಟೆಯ ಹಣ ಬಂದ ದಾರಿ

ಮೊಟ್ಟೆಗೆ ಬರೋಣ. ವಿಪ್ರೊ 1945ರಲ್ಲಿ ಮಹಾರಾಷ್ಟ್ರದ ಅಮಳನೇರ್‌ನಲ್ಲಿ ವನಸ್ಪತಿ ಎಣ್ಣೆ ತಯಾರಿಸಲು ಹುಟ್ಟಿದ ಕಂಪನಿ; ಈಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ. ಅದರ ಬಹುಪಾಲು ಷೇರು ಹೊಂದಿದ್ದ ಅಜೀಂ ಪ್ರೇಮ್‌ಜಿ ಆ ಷೇರುಗಳಿಂದ ಬರುವ ಆದಾಯದ ಹಕ್ಕನ್ನು ಹಂತಹಂತವಾಗಿ ಪರೋಪಕಾರಕ್ಕೆ ಬಿಟ್ಟರು. 2019ರ ಮಾರ್ಚ್‌ನ ಪ್ರಕಟಣೆಯ ಹೊತ್ತಿಗೆ ಹೀಗೆ ಬಿಟ್ಟುಕೊಟ್ಟದ್ದು ಕಂಪನಿಯ ಸುಮಾರು 67% ಪಾಲು. ಪ್ರತಿಷ್ಠಾನದ ನಿಧಿಯ ಮೂಲ ಇದು.

ಗಮನಿಸಿ, ಇದರಿಂದ ವಿಪ್ರೊ ಸೇವಾಸಂಸ್ಥೆಯಾಗಲಿಲ್ಲ. ಅದು ಉಳಿದ ಕಂಪನಿಗಳಂತೆಯೇ ಗ್ರಾಹಕರಿಗಾಗಿ ಪೈಪೋಟಿ ನಡೆಸುತ್ತದೆ, ಮೂರು ತಿಂಗಳಿಗೊಮ್ಮೆ ಲಾಭದ ಲೆಕ್ಕ ಕೊಡುತ್ತದೆ, ಸಣ್ಣ ಷೇರುದಾರನಿಗೂ ಲಾಭಾಂಶ ಹಂಚುತ್ತದೆ. ದರ್ಶಿನಿಯ ಹತ್ತು ಜನರಲ್ಲಿ ಆರೇಳು ಪಾಲು ಹೊಂದಿದ್ದವನು ತನಗೆ ಬರುವ ಹಣವನ್ನು ಶಾಲೆಗೆ ಕೊಡಿ ಎಂದು ಬರೆದುಕೊಟ್ಟಂತೆ. ಮ್ಯಾನೇಜರ್ ಮೊದಲಿನಂತೆಯೇ ದೋಸೆ ಮಾರಬೇಕು. ಫ್ರೀಡ್‌ಮನ್ ಕೂಡ ಇದಕ್ಕೆ ಆಕ್ಷೇಪ ಎತ್ತುತ್ತಿರಲಿಲ್ಲ, ಏಕೆಂದರೆ ದಾನ ಮಾಡಿದವನು ಒಡೆಯ.

ಟಾಟಾ ಸಮೂಹದ ಕಟ್ಟಡವೂ ಹೀಗೆಯೇ. ಸಮೂಹದ ಮೂಲ ಕಂಪನಿ ಟಾಟಾ ಸನ್ಸ್‌ನ ಸುಮಾರು 66% ಷೇರುಗಳು ಟಾಟಾ ಟ್ರಸ್ಟ್‌ಗಳ ಕೈಯಲ್ಲಿವೆ. ಕೆಳಗೆ ಉಕ್ಕು, ಕಾರು, ಸಾಫ್ಟ್‌ವೇರ್ ಮಾರುವ ಅಪ್ಪಟ ವ್ಯಾಪಾರ, ಮೇಲೆ ದತ್ತಿ. 2022ರಲ್ಲಿ ಅಮೆರಿಕದ ಹೊರಾಂಗಣ ಉಡುಪಿನ ಕಂಪನಿ ಪ್ಯಾಟಗೋನಿಯಾದ ಒಡೆಯರು ತಮ್ಮ ಕಂಪನಿಯನ್ನು ಪರಿಸರ ರಕ್ಷಣೆಗೆ ಬಿಟ್ಟಾಗ ಜಗತ್ತೇ ಬೆರಗಾಯಿತು. ಬೆಂಗಳೂರು, ಮುಂಬೈಯವರಿಗೆ ಅದು ತೀರಾ ಹೊಸದೇನಾಗಿರಲಿಲ್ಲ.

ಡೇರಿಯಲ್ಲಿ ಲಾಭ ಎಲ್ಲಿ ಅಡಗಿರುತ್ತದೆ?

ಇನ್ನೊಂದು ಬಗೆಯೂ ಇದೆ. ಅಲ್ಲಿ ಉದ್ದೇಶವನ್ನು ಯಾರೂ ಕೊನೆಗೆ ಅಂಟಿಸುವುದಿಲ್ಲ. ಅದು ಅಡಿಪಾಯದಲ್ಲೇ ಕೂತಿರುತ್ತದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಪತ್ತಿನ ಸಂಘ ಕಟ್ಟಿದರು. ದೇಶಕ್ಕೆ ಸಹಕಾರ ಕಾಯ್ದೆ ಬಂದು ಆಗಿನ್ನೂ ಒಂದು ವರ್ಷ. ಸಹಕಾರದ ಮೂಲ ಸೂತ್ರ ಒಬ್ಬ ಸದಸ್ಯನಿಗೆ ಒಂದೇ ಮತ. ಹತ್ತು ಷೇರು ಇದ್ದರೂ, ಸಾವಿರ ಷೇರು ಇದ್ದರೂ ಒಂದೇ. ಕಂಪನಿಯಲ್ಲಿ ಹಣ ಮತ ಹಾಕುತ್ತದೆ, ಸಂಘದಲ್ಲಿ ಮನುಷ್ಯ ಹಾಕುತ್ತಾನೆ.

ಹಾಲಿನ ಡೇರಿ ನೋಡಿ. ಬೆಳಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವ ರೈತರೇ ಸಂಘದ ಒಡೆಯರು. ಸಂಘಗಳು ಸೇರಿ ಒಕ್ಕೂಟ, ಒಕ್ಕೂಟಗಳ ಮೇಲೆ ಕರ್ನಾಟಕ ಹಾಲು ಮಹಾಮಂಡಳ, ಅದು ಮಾರುವ ಹಾಲಿನ ಹೆಸರು ನಂದಿನಿ. ಖಾಸಗಿ ಹಾಲಿನ ಕಂಪನಿಗೆ ರೈತನಿಗೆ ಕೊಡುವ ದರ ಖರ್ಚು. ಅದು ಕಡಿಮೆಯಾದಷ್ಟೂ ಲಾಭ. ಡೇರಿಗೆ ಅದೇ ದರ ಗುರಿ. ಲೆಕ್ಕಪತ್ರದಲ್ಲಿ ಲಾಭ ಚಿಕ್ಕದಾಗಿ ಕಂಡರೆ ಸಂಘ ಸೋತಿದೆ ಎಂದಲ್ಲ, ಹಣ ಆಗಲೇ ಹಾಲಿನ ಬಟವಾಡೆಯಲ್ಲಿ ಮನೆ ಸೇರಿರಬಹುದು.

ಹಾಗೆಂದು ಇದೂ ಎಲ್ಲರ ಹಿತ ಕಾಯುವ ಸಂಸ್ಥೆಯಲ್ಲ. ಪೇಟೆಯಲ್ಲಿ ಪೊಟ್ಟಣ ಕೊಳ್ಳುವ ಗೃಹಿಣಿಗೆ ದರ ಏರಿದರೆ ಹೊಟ್ಟೆ ಉರಿಯುತ್ತದೆ, ಹಸು ಕಟ್ಟಿದವರಿಗೆ ಏರದಿದ್ದರೆ. ಉದ್ದೇಶ ಎಂಬ ಪದ ಕಿವಿಗೆ ಬಿದ್ದಾಗಲೆಲ್ಲ ‘ಯಾರಿಗಾಗಿ?’ ಎಂದು ಕೇಳಬೇಕಾಗುವುದು ಇದಕ್ಕೇ.

1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಕೂಡ ಬೆಳೆಗಾರರದೇ. ಅಡಿಕೆ ಬೆಲೆ ನೆಲಕಚ್ಚಿದ್ದಾಗ ಕರ್ನಾಟಕ, ಕೇರಳದ ಬೆಳೆಗಾರರು ಸೇರಿ ಕಟ್ಟಿದ್ದು. ಮುಂದೆ ಕೋಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟಾಗ ಅದನ್ನೂ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಅಡಿಕೆ ಸಂಘವೊಂದು ಚಾಕೊಲೇಟ್ ಮಾಡಲು ಹೋದದ್ದು ಒಡೆಯರ ತೋಟದಲ್ಲಿ ಕೋಕೋ ಕಾಯಿ ಕೊಳೆಯುತ್ತಿದ್ದುದರಿಂದ.

ಲಾಭವೂ ಉದ್ದೇಶವೂ ಒಂದೇ ದಾರಿಯಲ್ಲಿ ನಡೆದಾಗ

ಕೆಲವೊಮ್ಮೆ ಎರಡಕ್ಕೂ ಜಗಳವೇ ಇರುವುದಿಲ್ಲ. 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯ ಮೊದಲ ಕಾಳಜಿ ಕಷ್ಟಕ್ಕೆ ಬಿದ್ದಿದ್ದ ನೇಕಾರರು. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು. ಏಜೆಂಟರು ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಂಥ ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವರ ಕೈಯಲ್ಲಿ ಉಳಿತಾಯ ಬೆಳೆಯಿತು, ಬ್ಯಾಂಕಿಗೆ ಸಾಲ ಕೊಡಲು ಹಣ ಸಿಕ್ಕಿತು. ಇಂದಿಗೂ ಸಂಜೆ ಹೊತ್ತು ಸಂತೆಪೇಟೆಯಲ್ಲಿ ‘ಪಿಗ್ಮಿಯವರು ಬಂದರು’ ಎಂಬ ಮಾತು ಕೇಳುತ್ತದೆ. ಇಲ್ಲಿ ಯಾವುದು ಸೇವೆ, ಯಾವುದು ವ್ಯಾಪಾರ ಎಂದು ಗೆರೆ ಎಳೆಯುವುದು ಕಷ್ಟ.

ಅದೇ ಬಡವರ ಸಣ್ಣ ಹಣದ ಇನ್ನೊಂದು ಕತೆ ಬೇರೆ ದಿಕ್ಕಿಗೆ ಹೋಯಿತು. ಕಿರುಸಾಲ, ಅಂದರೆ ಮೈಕ್ರೋಫೈನಾನ್ಸ್, ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಅವರಿಗೆ ಮತ್ತು ಅವರು ಕಟ್ಟಿದ ಗ್ರಾಮೀಣ ಬ್ಯಾಂಕಿಗೆ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ತಂದ ವಿಚಾರ. ಆ ಬ್ಯಾಂಕಿನ ಬಹುಪಾಲು ಒಡೆತನ ಸಾಲ ಪಡೆದ ಹೆಂಗಸರದೇ. ಭಾರತದಲ್ಲಿ ಲಾಭರಹಿತ ಸಂಸ್ಥೆಯಾಗಿ ಆರಂಭವಾದ ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಕಂಪನಿಯಾಗಿ ಬದಲಾಗಿ 2010ರ ಆಗಸ್ಟ್‌ನಲ್ಲಿ ಷೇರುಪೇಟೆಗೆ ಬಂತು. ಬಡವರ ಸಾಲದಿಂದ ಷೇರುದಾರರಿಗೆ ಲಾಭ ಮಾಡಿಕೊಡುವುದನ್ನು ಯೂನುಸ್ ಬಹಿರಂಗವಾಗಿ ಟೀಕಿಸಿದರು. ಆ ಅಕ್ಟೋಬರ್‌ನಲ್ಲೇ ಇಡೀ ಕಿರುಸಾಲ ವಲಯದ ವಸೂಲಿ ಕಿರುಕುಳದ ದೂರುಗಳ ನಡುವೆ ಆಂಧ್ರಪ್ರದೇಶ ಸುಗ್ರೀವಾಜ್ಞೆ ತಂದಿತು. 2025ರ ಫೆಬ್ರುವರಿಯಲ್ಲಿ ಕರ್ನಾಟಕವೂ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ವಿಧಿಸುವ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ವಾರದ ಕಂತು, ಗುಂಪಿನ ಜಾಮೀನು, ಸಂಘದ ಸಭೆ ಎಲ್ಲ ಹೊರಗಿನಿಂದ ಹಾಗೆಯೇ ಇದ್ದವು. ಉಳಿಕೆ ಯಾರಿಗೆ ಸೇರುತ್ತದೆ ಎಂಬುದು ಎಷ್ಟೋ ಕಡೆ ಬದಲಾಗಿತ್ತು.

ನೀವೇ ನೋಡುವುದು ಹೇಗೆ?

ಕಂಪನಿಯ ಜಾಹೀರಾತಿನಲ್ಲಿ ‘ಸಮಾಜಕ್ಕಾಗಿ’ ಎಂದಿದ್ದರೆ ಅದರ ವಾರ್ಷಿಕ ವರದಿ ತೆರೆಯಿರಿ. ಷೇರುಪೇಟೆಯಲ್ಲಿರುವ ಎಲ್ಲ ಕಂಪನಿಗಳ ವರದಿಯೂ ಅವುಗಳ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ದಪ್ಪ ಪುಸ್ತಕ ಎಂದು ಹೆದರಬೇಕಿಲ್ಲ. ಷೇರು ಯಾರ ಕೈಯಲ್ಲಿ ಎಷ್ಟಿದೆ ಎಂಬ ಪಟ್ಟಿ, ಲಾಭಾಂಶ ಎಷ್ಟು ಹಂಚಲಾಯಿತು ಎಂಬ ಸಾಲು, ಕೊನೆಯಲ್ಲಿ ಸಿಎಸ್‌ಆರ್ ಅನುಬಂಧ, ಇಷ್ಟು ಸಾಕು. ಅನುಬಂಧದಲ್ಲಿ ಆ ವರ್ಷ ಎಷ್ಟು ವೆಚ್ಚ ಮಾಡಬೇಕಿತ್ತು, ಎಷ್ಟು ಮಾಡಿದರು, ಎಷ್ಟು ಉಳಿಯಿತು ಎಂಬ ಲೆಕ್ಕ ಇರುತ್ತದೆ. ಹೆಸರಿನ ಕೊನೆಯಲ್ಲಿ ಪ್ರತಿಷ್ಠಾನ ಎಂದಿರುವ ಸಂಸ್ಥೆ ‘ಸೆಕ್ಷನ್ 8’ ಕಂಪನಿಯಾಗಿದ್ದರೆ ಅದು ಸದಸ್ಯರಿಗೆ ಲಾಭಾಂಶ ಹಂಚುವಂತಿಲ್ಲ. ಉಳಿದದ್ದೆಲ್ಲ ಉದ್ದೇಶಕ್ಕೇ ಹೋಗಬೇಕು.

ಕೇಂದ್ರ ಸರ್ಕಾರದ ಸಿಎಸ್‌ಆರ್ ಜಾಲತಾಣದಲ್ಲಿ ಯಾವ ರಾಜ್ಯಕ್ಕೆ, ಯಾವ ಕ್ಷೇತ್ರಕ್ಕೆ, ಯಾವ ಕಂಪನಿಯಿಂದ ಎಷ್ಟು ಹಣ ಬಂತೆಂಬ ಅಂಕಿ ಅಂಶಗಳಿವೆ. ನಿಮ್ಮೂರಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗುವ ಮುನ್ನ ಶೌಚಾಲಯದ ಗೋಡೆಯ ಮೇಲಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಲ್ಲಿ ಹುಡುಕಬಹುದು. ಒಳಗೆ ನೀರು ಬರುತ್ತಿದೆಯೇ ಎಂಬುದನ್ನು ಮಾತ್ರ ಅಲ್ಲಿಗೇ ಹೋಗಿ ನಲ್ಲಿ ತಿರುಗಿಸಿ ನೋಡಬೇಕು.